ಯಾವ ಕೇಬಲ್ ಎಂದು ಯಾರೂ ಹೇಳಿರಲಿಲ್ಲ

ಪೈಲಟ್‌ಗಳ ಕೈಪಿಡಿ ಹೊರತರುವ ಕಚೇರಿಯ ಮಾನ್ಯ ನಿರ್ದೇಶಕರೇ,

ಸೈನ್ಯದ ವಿಮಾನ ನಿಲ್ದಾಣಗಳ ಬಗ್ಗೆ ನಾಗರಿಕ ಪೈಲಟ್‌ಗಳಿಗೆ ತಿಳಿದಿರಲೇಬೇಕಾದದ್ದನ್ನು ನಿಮ್ಮ ಕೈಪಿಡಿ ತಿಳಿಸುವುದಿಲ್ಲ. ಇದೇ ನನ್ನ ದೂರು. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ‘ಪರಿಶೀಲನೆಯಲ್ಲಿದೆ’ ಎಂದಿರಿ. ಬರೆದು ಬರೆದು ಸಾಕಾಗಿ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಆರು ಸೀಟಿನ ವಿಮಾನದಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದವಳು. ಕಳೆದ ವರ್ಷ ಒಂದು ಮಧ್ಯಾಹ್ನ ಹೃದಯದ ತೊಂದರೆಯಿದ್ದ ನಿವೃತ್ತ ಮೇಷ್ಟ್ರನ್ನೂ ಅವರ ಮಗಳನ್ನೂ ಕರೆದೊಯ್ಯುವಾಗ ಎಂಜಿನ್ ಕೈಕೊಟ್ಟಿತು. ಹತ್ತಿರವಿದ್ದದ್ದು ಸೈನ್ಯದ ನಿಲ್ದಾಣವೊಂದೇ. ಕೈಪಿಡಿಯಲ್ಲಿದ್ದ ರೇಡಿಯೋ ಸಂಖ್ಯೆಯಲ್ಲಿ ಕರೆದರೆ ಉತ್ತರವಿಲ್ಲ. ಅದು ಬದಲಾಗಿ ಎರಡು ವರ್ಷವಾಗಿತ್ತಂತೆ. ತುರ್ತು ರೇಡಿಯೋ ಸಂಖ್ಯೆಯಲ್ಲಿ ಕೂಗಿಕೊಂಡ ಮೇಲೆ ನಿಲ್ದಾಣದವರು, “ಕೇಬಲ್ ದಾಟಿ ಇಳೀರಿ” ಎಂದರು. ಯಾವ ಕೇಬಲ್? ಕರೆಂಟಿನ ತಂತಿಯೆಂದುಕೊಂಡು ನಾನು ಮೇಲೆ ಹುಡುಕಿದೆ. ಅದಿದ್ದದ್ದು ಕೆಳಗೆ, ರನ್‌ವೇಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗ. ಮುಂದಿನ ಚಕ್ರ ಅದಕ್ಕೆ ಸಿಕ್ಕಿ ಮುರಿಯಿತು.

ಓಡಿಬಂದ ಸೈನಿಕ, “ಮೇಡಂ, ಹಗ್ಗ ಇರೋದು ಗೊತ್ತಿರ್ಲಿಲ್ವಾ? ಯುದ್ಧವಿಮಾನ ಹಿಡಿದು ನಿಲ್ಸೋಕೆ ಯಾವಾಗ್ಲೂ ಕಟ್ಟಿರ್ತೀವಲ್ಲ!” ಎಂದ.

“ನಮಗೆ ಯಾರಪ್ಪಾ ಹೇಳ್ಬೇಕಿತ್ತು?” ಎಂದೆ. ಅವನು ಮೇಷ್ಟ್ರನ್ನು ಎತ್ತಿಕೊಂಡ.

ಮೇಷ್ಟ್ರು ಉಳಿದರು. ಮಗಳ ಬಲಗೈ ಮುರಿಯಿತು. ಹೊಲಿಗೆ ಕೆಲಸದ ಆಕೆಗೆ ಇಂದಿಗೂ ಸೂಜಿ ಹಿಡಿಯಲಾಗುವುದಿಲ್ಲ. “ನಿಮ್ಮ ತಪ್ಪಲ್ಲ ಬಿಡಿ ಅಕ್ಕಾ” ಎನ್ನುತ್ತಾಳೆ. ಹಾಗೆಂದಾಗಲೆಲ್ಲ ನನಗೆ ತಲೆಯೆತ್ತಲು ಆಗುವುದಿಲ್ಲ.

ನಿಮ್ಮ ಗುಮಾಸ್ತರು, “ಅದೆಲ್ಲ ರಕ್ಷಣಾ ರಹಸ್ಯ ಕಣಮ್ಮಾ” ಎಂದರು. ಬೇಲಿಯಾಚೆ ದನ ಕಾಯುವವರಿಗೂ ಕಾಣುವ ಹಗ್ಗ ಯಾವ ಸೀಮೆಯ ರಹಸ್ಯ, ಸ್ವಾಮಿ? ಅದು ಶತ್ರುವಿನಿಂದ ಅಡಗಿಸಿದ್ದೋ, ಪುಟ ತಿದ್ದುವ ತೊಂದರೆ ತಪ್ಪಿಸಿಕೊಂಡದ್ದೋ? ಕೊನೆಗೆ ನಿಮ್ಮದೇ ಇಲಾಖೆ ನನ್ನ ಪರವಾನಗಿ ತಡೆಹಿಡಿಯಿತು. ಕಾರಣ, ‘ನಿಲ್ದಾಣದ ಮಾಹಿತಿ ಅರಿಯದೆ ಇಳಿದ ಅಜಾಗರೂಕತೆ’. ಎಲ್ಲಿಂದ ಅರಿಯಬೇಕಿತ್ತು, ಕನಸಿನಿಂದಲೇ?

ಕಳೆದ ವಾರ ಅದೇ ನಿಲ್ದಾಣಕ್ಕೆ ಹೋಗಿ ಕೇಳಿದೆ. ಅಲ್ಲಿನ ಅಧಿಕಾರಿ ಕುರ್ಚಿ ಹಾಕಿಸಿ, ಹಗ್ಗಗಳಿರುವ ಜಾಗ, ಹೊಸ ರೇಡಿಯೋ ಸಂಖ್ಯೆ, ಯುದ್ಧವಿಮಾನಗಳು ಹಾರುವ ಹೊತ್ತು ಎಲ್ಲವನ್ನೂ ಹೇಳಿದರು. ಅರ್ಧ ಗಂಟೆಯ ಕೆಲಸ. ಅದನ್ನು ಒಂದು ಹಾಳೆಯಲ್ಲಿ ಬರೆದು, ಆ ದಾರಿಯಲ್ಲಿ ಹಾರುವ ಹದಿನೇಳು ಪೈಲಟ್‌ಗಳಿಗೆ ಹಂಚಿದ್ದೇನೆ. ಹದಿನೆಂಟನೆಯ ಪ್ರತಿ ಇದರೊಂದಿಗಿದೆ. ನನ್ನ ಪರವಾನಗಿಯ ಮಾತು ಆಮೇಲಿರಲಿ. ಹಾಳೆಯಲ್ಲಿ ತಪ್ಪಿದ್ದರೆ ತಿದ್ದಿ, ಇಲ್ಲದಿದ್ದರೆ ಹಾಗೆಯೇ ಅಚ್ಚು ಹಾಕಿಸಿ.

ಇಂತಿ,
ನಿಮ್ಮ ಕಡತದಲ್ಲಿ ಅಜಾಗರೂಕಳಾಗಿರುವ, ಸದ್ಯ ನೆಲದ ಮೇಲೆ ಓಡಾಡಿಕೊಂಡಿರುವ ಪೈಲಟ್