ಬೀದರ ಭೂಸಾ

ಮಂಗಲಪೇಟ, ಬೀದರ
ಭಾನುವಾರ, ೯ ಫೆಬ್ರವರಿ ೨೦೨೫

ಪ್ರೀತಿಯ ಸಲೋಮಿಯ ಪಪ್ಪಾ,

ನಮ್ಮೆಲ್ಲರ ವಂದನೆಗಳು. ಮೊದಲು ನಿಮ್ಮ ಕೆಮ್ಮಿನ ಸುದ್ದಿ ಹೇಳಿ. ಹೋದ ವಾರ ಫೋನಿನಲ್ಲಿ ನೀವು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಲಡಾಖಿನಲ್ಲಿ ಹಿಮ ಬೀಳುವುದನ್ನು ಟಿವಿಯಲ್ಲಿ ತೋರಿಸಿದಾಗಲೆಲ್ಲ ನನಗೆ ಆ ಕೆಮ್ಮೇ ಕೇಳಿಸುತ್ತದೆ. ನಾನು ಹೆಣೆದು ಕಳಿಸಿದ ಸ್ವೆಟರನ್ನು ಪೆಟ್ಟಿಗೆಯಲ್ಲಿ ಮಡಚಿಡಬೇಡಿ. ವರ್ದಿಯ ಒಳಗೆ ಹಾಕಿಕೊಂಡರೆ ನಿಮ್ಮ ಸಾಹೇಬರಿಗೇನೂ ಕಾಣುವುದಿಲ್ಲ. ಇಲ್ಲಿ ನಾವು ಕ್ಷೇಮ. ಸಲೋಮಿ ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕ ತೆರೆದಿಟ್ಟು ಬೆಕ್ಕಿನ ಜೊತೆ ಮಾತಾಡುತ್ತಿದ್ದಾಳೆ. ಚಳಿ ಹೋಯಿತು, ಮಧ್ಯಾಹ್ನದ ಬಿಸಿಲು ಆಗಲೇ ಚುರುಗುಟ್ಟುತ್ತಿದೆ.

"ಹೈದರಾಬಾದಿನಾಗ ನಾ ಗೆದ್ದೀನ್ರಿ" ಎಂದು ನಾನು ಕೂಗುವಾಗಲೇ ಫೋನು ಕಡಿದುಹೋಯಿತು. ನೀವು ಏನು ತಿಳಿದುಕೊಂಡಿರೋ! ನನ್ನ ಜೊತೆ ಶಾಲೆಯಲ್ಲಿ ಕಲಿಸುವ ಇರಮ ಟೀಚರ್ ಅಂತೂ, "ಭಾಯ್‌ಸಾಬ್ ನಿಮಗ ಲಾಟರಿ ಹತ್ತ್ಯದ ಅಂತ ಪಲಟಣಕ್ಕೆಲ್ಲ ಮಿಠಾಯಿ ಹಂಚಿರಬೇಕು" ಎಂದು ನಗುತ್ತಾಳೆ. ಆ ಗುಡ್ಡದ ಮೇಲೆ ಮತ್ತೆ ಯಾವಾಗ ಸಿಗ್ನಲ್ ಸಿಗುತ್ತದೋ ಗೊತ್ತಿಲ್ಲ. ಇವತ್ತು ಚರ್ಚಿನಿಂದ ಬಂದವಳೇ ಎಲ್ಲವನ್ನೂ ಮೊದಲಿನಿಂದ ಬರೆಯೋಣವೆಂದು ಕೂತಿದ್ದೇನೆ. ನೀವೂ ಕೂತುಕೊಂಡೇ ಓದಿ.

ನೀವು ರಜೆ ಮುಗಿಸಿ ಹೋದ ಮೇಲೆ, ಜುಲೈ ಮಳೆಯಲ್ಲಿ, ಸಲೋಮಿ ಗಟಾರದ ಪೈಪಿನೊಳಗಿಂದ ಒಂದು ಬೆಕ್ಕಿನ ಮರಿಯನ್ನು ಎಳೆದು ತಂದಳಲ್ಲ, ಫೋಟೋ ಕಳಿಸಿದ್ದೆ. ಮೀನಿನ ಹೊಟ್ಟೆಯಿಂದ ಬದುಕಿ ಬಂದವನ ಹಾಗೆ ಬಂದ ಅಂತ ಅದಕ್ಕೆ ಯೋನ ಎಂದು ಹೆಸರಿಟ್ಟಳು. ಹೆಸರೇನೋ ಬೈಬಲಿನ ಪ್ರವಾದಿಯದು, ಗುಣ ಮಾತ್ರ ಕಳ್ಳನದು. ನಮ್ಮದು ಮಾಳಿಗೆಯ ಮೇಲಿನ ಮನೆ, ಅಂಗಳವಿಲ್ಲ, ಮಣ್ಣಿಲ್ಲ. ಪಾಪ, ಅದು ಎಲ್ಲಿಗೆ ಹೋಗಬೇಕು? ಸಿಲಿಂಡರಿನ ಹಿಂದೆ ಹೋಯಿತು, ಮಂಚದ ಕೆಳಗೆ ಹೋಯಿತು, ನೀವು ಜೋಪಾನವಾಗಿ ಇಟ್ಟು ಹೋದ ಹಳೆಯ ಬೂಟಿನೊಳಗೂ ಹೋಯಿತು. ಬೂಟುಗಳ ಬಗ್ಗೆ ಇನ್ನು ಕೇಳಬೇಡಿ. ನಾಲ್ಕು ದಿನಕ್ಕೆ ವಾಸನೆ ಮೆಟ್ಟಿಲಿಳಿದು ಕೆಳಗಿನ ಮನೆಗೆ ಹೋಯಿತು. ಅಲ್ಲಿ ಯಾರಿದ್ದಾರೆಂದು ಬರೆಯಬೇಕೇ? ಮನೆ ಮಾಲಕಿ ವಿಮಲಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೇಲೆ ಬಂದರು. "ಹೆಪ್ಸಿಬಾ ಬಾಯಿ, ದೀಪಾವಳಿಗಿ ನನ್ನ ಮಗ ಸೊಸಿ ಪುಣೆದಿಂದ ಬರ್ತಾರ. ಅಷ್ಟ್ರಾಗ ಬೆಕ್ಕರ ಹೋಗಬೇಕು, ಇಲ್ಲಂದ್ರ ನೀವರ ಹೋಗಬೇಕು" ಎಂದು ಹೇಳಿ ಇಳಿದುಹೋದರು. ನೀವು ಅಷ್ಟು ದೂರದಲ್ಲಿ ಕೂತು ಚಿಂತೆ ಮಾಡುವುದು ಬೇಡವೆಂದು ಇದನ್ನು ಫೋನಿನಲ್ಲಿ ಹೇಳಿರಲಿಲ್ಲ. ಅವತ್ತು ಸಲೋಮಿ ಬೆಕ್ಕನ್ನು ಎದೆಗವಚಿಕೊಂಡು, "ಅದನ್ನ ಬಿಟ್ರ ಮತ್ತ ಗಟಾರಕ್ಕೇ ಹೋಗ್ತದ ಮಮ್ಮಿ" ಎಂದು ಅತ್ತಳು. ಬಿಡುವುದು ಬೇಡ, ಏನಾದರೂ ಹಾದಿ ಹುಡುಕೋಣ ಎಂದು ಮಾತು ಕೊಟ್ಟೆ.

ನಮ್ಮ ಶಾಲೆಯ ಇರಮ ಟೀಚರ್ ನಿಮಗೆ ಗೊತ್ತಲ್ಲ, ಮನೆ ತುಂಬ ಪರ್ಷಿಯನ್ ಬೆಕ್ಕು ಸಾಕಿದ್ದಾಳೆ. ಅವಳು ಹೈದರಾಬಾದಿನಿಂದ ಬೆಕ್ಕಿನ ಲಿಟ್ಟರ್ ಅಂತ ಒಂದು ಮಣ್ಣು ತರಿಸುತ್ತಾಳೆ, ತಟ್ಟೆಯಲ್ಲಿ ಸುರಿದಿಟ್ಟರೆ ಬೆಕ್ಕು ಅದರಲ್ಲೇ ಕೆರೆದು, ಕೂತು, ಮುಚ್ಚಿ ಬರುತ್ತದೆ. ಸ್ವಲ್ಪ ಕೊಟ್ಟಳು. ಯೋನ ಕೆರೆದದ್ದೇ ತಡ, ಸುಣ್ಣದ ಭಟ್ಟಿಯಂತೆ ಧೂಳೆದ್ದು ಬೆಕ್ಕೂ ಸೇರಿ ಮೂವರೂ ಸೀನಿದೆವು. ಮುಗಿದರೆ ಮತ್ತೆ ಹೈದರಾಬಾದಿನ ಬಸ್ಸೇ ಗತಿ. ಮಾಂಜ್ರಾ ಹೊಳೆಯ ಮರಳು ತಂದು ಹಾಕಿದೆ. ಅದು ಹಾಸಿಗೆಯವರೆಗೂ ಬಂತು, ವಾಸನೆ ಮಾತ್ರ ಇದ್ದಲ್ಲೇ ಇತ್ತು. ನಮ್ಮ ಬೀದರದ ಕೆಂಪು ಮಣ್ಣನ್ನೇ ಸೋಸಿ ಹಾಕಿದೆ. ಆ ಮಹಾಶಯ ಒದ್ದೆ ಕಾಲಿನಲ್ಲಿ ಹೊರಗೆ ಜಿಗಿದು, ಮಾಳಿಗೆಯ ಮೇಲೆ ವಿಮಲಾಬಾಯಿ ಒಣಹಾಕಿದ್ದ ಸಂಡಿಗೆಯ ಮೇಲೆಲ್ಲ ಕೆಂಪು ಹೆಜ್ಜೆ ಒತ್ತಿಬಿಟ್ಟ. ಅವರು ಬೈದಿದ್ದರೆ ಚೆನ್ನಾಗಿತ್ತು. ದೀಪಾವಳಿಗೆ ಇನ್ನೆಷ್ಟು ದಿನವೆಂದು ಎಣಿಸುತ್ತ ಸಂಡಿಗೆ ಬಳಿದುಕೊಂಡು ಹೋದರು.

ಹಾದಿ ಸಿಕ್ಕಿದ್ದು ಸಾಯಗಾಂವದಲ್ಲಿ, ನನ್ನ ತವರಿನಲ್ಲಿ. ಸೈಮನ ಅಣ್ಣನ ಎಮ್ಮೆಗೆ ಹಾಕುವ ಹಿಂಡಿಯ ಗುಳಿಗೆಗಳು ನೀರಿನ ಬಕೀಟಿನೊಳಗೆ ಚೆಲ್ಲಿದ್ದವು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಗುಳಿಗೆ ಉಬ್ಬಿ ನಿಂತಿವೆ, ನೀರು ಮಾಯ! ಅತ್ತಿಗೆ ಬಕೀಟು ತೊಳೆಯಲು ಬಂದರೆ ನಾನು ಬಿಡಲೇ ಇಲ್ಲ. ಗೋಡೆಯ ಪಕ್ಕದಲ್ಲಿ ತೊಗರಿ ಕಟ್ಟಿಗೆಯ ಬಣವೆ ಇತ್ತು. ದನ ತಿನ್ನುವುದಿಲ್ಲ, ಒಲೆಗೆ ಹಾಕಿ ಉಳಿದದ್ದನ್ನು ಹೊಲದಲ್ಲೇ ಸುಡುತ್ತಾರೆ. ಇದನ್ನೇ ಪುಡಿ ಮಾಡಿ ಗುಳಿಗೆ ಒತ್ತಿದರೆ? ಅಣ್ಣನಿಗೆ ಹೇಳಿದೆ. "ತಂಗಿ, ಬಿಸಲಾಗ ಭಾಳ ತಿರುಗಬ್ಯಾಡವಾ" ಎಂದ.

ಭಾಲ್ಕಿಯಲ್ಲಿ ಜಹೀರೋದ್ದೀನ ಸಾಬರದು ಹಿಂಡಿ ಒತ್ತುವ ಸಣ್ಣ ಕಾರ್ಖಾನೆ ಇದೆ. ತೊಗರಿ ಕಟ್ಟಿಗೆಯ ಪುಡಿ ಎರಡು ಚೀಲ ತುಂಬಿಕೊಂಡು ಅಲ್ಲಿಗೆ ಹೋದೆ. ನನ್ನ ಮಾತು ಪೂರ್ತಿ ಕೇಳಿ ಅವರು ಕಿವಿಯಿಂದ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. "ಅಲ್ರೀ ಬಹೆನ್‌ಜಿ, ಎಮ್ಮಿಗಿ ಊಟ ಮಾಡೋ ಮಷೀನಿನಾಗ ಬೆಕ್ಕಿಗಿ ಪಾಯಖಾನಾ ಮಾಡ್ತೀರಿ?" ಎಂದರು. ನಾನೂ ಬಿಡಲಿಲ್ಲ. "ಊಟ ಆದ ಮ್ಯಾಲ ಅದೂ ಬೇಕಲ್ರಿ ಸಾಬ" ಎಂದೆ. ಅವರು ಎಷ್ಟು ನಕ್ಕರೆಂದರೆ ಕೆಲಸದವರೆಲ್ಲ ಹೊರಗೆ ಬಂದರು. ನಗು ನಿಂತ ಮೇಲೆ, ಶುಕ್ರವಾರ ನಮಾಜಿನ ಹೊತ್ತು ಮಷೀನು ಖಾಲಿ ಇರುತ್ತದೆ, ಬನ್ನಿ ಎಂದರು.

ಆಮೇಲಿನ ಶುಕ್ರವಾರಗಳ ಕಥೆ ಬರೆದರೆ ನಿಮ್ಮ ಪಲಟಣ ಪೂರ್ತಿ ನಗುತ್ತದೆ. ಶಾಲೆ ಅರ್ಧಕ್ಕೆ ಬಿಟ್ಟು ಭಾಲ್ಕಿ ಬಸ್ಸು ಹಿಡಿಯುವುದು, ಸಂಜೆ ತಲೆ ತುಂಬ ಹೊಟ್ಟು ಹೊತ್ತು ಮರಳುವುದು. ಗುಳಿಗೆ ಗಟ್ಟಿಯಾಗಲೆಂದು ಕಬ್ಬಿನ ಕಾಕಂಬಿ ಬೆರೆಸಿದೆ. ಮರುದಿನ ಬೀದರದ ಇರುವೆಗಳೆಲ್ಲ ನಮ್ಮ ಮನೆಗೆ ಯಾತ್ರೆಯ ದಿಂಡಿಯಂತೆ ಸಾಲುಗಟ್ಟಿ ಬಂದವು. ಗಂಜಿ ಬೆರೆಸಿದೆ, ಬೂಸುರು ಹಿಡಿಯಿತು. ದಪ್ಪ ಗುಳಿಗೆಯ ಮೇಲೆ ಯೋನ ಕಾಲೇ ಇಡಲಿಲ್ಲ, ಮುಳ್ಳಿನ ಮೇಲೆ ನಡೆಸಿದವರ ಹಾಗೆ ನನ್ನ ಮುಖ ನೋಡಿದ. ಕೊನೆಗೆ ಏನನ್ನೂ ಬೆರೆಸದೆ ಪುಡಿಗೆ ಬರೀ ಹಬೆ ಹಿಡಿದು ಒತ್ತಿದೆವು. ಬಿಸಿಗೆ ಕಟ್ಟಿಗೆಯ ಅಂಟೇ ಬಿಟ್ಟುಕೊಂಡು ಗುಳಿಗೆ ತಾನಾಗಿಯೇ ನಿಂತಿತು! ವಾಸನೆ ಹೀರಲು ಅದೇ ಕಟ್ಟಿಗೆಯ ಇದ್ದಿಲನ್ನು ಅರೆದು ಒಳಗೆ ಸೇರಿಸಿದೆ. ಜಹೀರೋದ್ದೀನ ಸಾಬರು ಹೈದರಾಬಾದಿನಿಂದ ಸಣ್ಣ ತೂತಿನ ಅಚ್ಚು ತರಿಸಿ ಕೂಡಿಸಿದರು. ಜೋಳದ ಕಾಳಿನಷ್ಟು ಸಣ್ಣ ಗುಳಿಗೆ ಬಿತ್ತು. ಅದನ್ನು ತಟ್ಟೆಯಲ್ಲಿ ಸುರಿದು ನಾನೂ ಸಲೋಮಿಯೂ ಬಾಗಿಲ ಹಿಂದಿನಿಂದ ಇಣುಕುತ್ತ ನಿಂತೆವು. ಯೋನ ಬಂದ, ಮೂಸಿದ, ಕೆರೆದ, ತಿರುಗಿ ಕೂತ. ನಾನು ಸಲೋಮಿಯನ್ನು ಎತ್ತಿಕೊಂಡು ಕುಣಿದೆ. ಅವಳು ನನ್ನಷ್ಟೇ ಎತ್ತರ ಆಗಿದ್ದಾಳೆ, ನಡು ಹಿಡಿದುಕೊಂಡಿತು.

ದೀಪಾವಳಿಯ ಹಿಂದಿನ ದಿನ ವಿಮಲಾಬಾಯಿ ಮೇಲೆ ಬಂದರು, ಮೂಗಿಗೆ ಸೆರಗು. ಮೆಲ್ಲಗೆ ಸೆರಗು ತೆಗೆದರು. ಅಡುಗೆಮನೆ, ಬಚ್ಚಲು, ಮಂಚದ ಕೆಳಗೆ ಎಲ್ಲ ಕಡೆ ಮೂಸಿದರು. "ಬೆಕ್ಕು ಎಲ್ಲಿ ಮುಚ್ಚಿಟ್ಟೀರಿ? ಖರೇ ಹೇಳ್ರಿ" ಎಂದರು. ಅದು ಅವರ ಕಾಲ ಬುಡದಲ್ಲೇ ಮಲಗಿತ್ತು. ನೋಡಿದರು, ಮತ್ತೊಮ್ಮೆ ಮೂಸಿದರು. "ಅಗಬಾಯಿ!" ಎಂದು ಮಂಚದ ಮೇಲೆ ಕೂತುಬಿಟ್ಟರು. ಹಬ್ಬದ ದಿನ ಪುಣೆಯ ಸೊಸೆಯ ಕೈ ಹಿಡಿದು ಮೇಲೆ ಕರೆತಂದು ಯೋನನ ತಟ್ಟೆಯನ್ನು ಜಾತ್ರೆಯ ಗೊಂಬೆ ತೋರಿಸಿದಂತೆ ತೋರಿಸಿದವರೂ ಅವರೇ.

ಇರಮಳ ಬೆಕ್ಕುಗಳು ಒಪ್ಪಿದವು, ಅವಳ ನಾದಿನಿಯ ಬೆಕ್ಕುಗಳು ಒಪ್ಪಿದವು, ಊರೊಳಗೆ ಸುದ್ದಿ ಹಬ್ಬಿತು. ಅಣ್ಣನ ಬಣವೆ ಬರಿದಾಯಿತು. ಆಗ ಔರಾದಿನ ಮಹಾಮಾಯಾ ಸಿಕ್ಕಳು, ಅಲ್ಲಿನ ಹೆಣ್ಣುಮಕ್ಕಳ ಸಂಘ ನಡೆಸುವವಳು, ಗಂಟಲು ಎತ್ತಿದರೆ ಭಾಲ್ಕಿಗೆ ಕೇಳಬೇಕು. "ಸುಟ್ಟು ಕಣ್ಣಾಗ ಹೊಗಿ ತಗೋಳೋದು ಬಿಟ್ಟು ಕಡದು ಕೊಡ್ತೀವಿ, ಲಾರಿ ತರ್ರಿ" ಎಂದಳು. ಈ ಸಲ ಔರಾದಿನ ಕಡೆ ತೊಗರಿ ಕಟ್ಟಿಗೆಗೆ ಬೆಂಕಿ ಬಿದ್ದಿಲ್ಲ.

ಇನ್ನು ಹೈದರಾಬಾದು. ಅಲ್ಲಿನ ಒಬ್ಬ ದೊಡ್ಡ ವ್ಯಾಪಾರಿಗೆ ಡಿಸೆಂಬರಿನಲ್ಲಿ ಮಾಲು ತೋರಿಸಿದ್ದೆ. ಬೆರಳಿನಲ್ಲಿ ತಿಕ್ಕಿ ನೋಡಿದ, ಚಲೋ ಇದೆ ಎಂದೂ ಒಪ್ಪಿದ. ಆದರೆ ಮಾಡುವ ಬಗೆ ತನಗೆ ಬರೆದುಕೊಡಬೇಕು, ಚೀಲದ ಮೇಲೆ ತನ್ನ ಕಂಪನಿಯ ಹೆಸರೇ ಇರಬೇಕು ಎಂದ. ನಾನು ಒಪ್ಪಲಿಲ್ಲ. "ಬೀದರ ಕಾ ಭೂಸಾ ಕೌನ್ ಲೇಗಾ ಅಮ್ಮಾ?" ಬೀದರದ ಹೊಟ್ಟನ್ನು ಯಾರು ಕೊಳ್ಳುತ್ತಾರೆ ಎಂದು ನಕ್ಕು ಚೀಲ ನನ್ನ ಕಡೆ ತಳ್ಳಿದ. ಬಸ್ಸಿನಲ್ಲಿ ಜಹೀರಾಬಾದ್ ದಾಟುವವರೆಗೆ ಅತ್ತೆ. ಆಮೇಲೆ ಸಿಟ್ಟು ಬಂತು. ಬೀದರಿಗೆ ಇಳಿಯುವಷ್ಟರಲ್ಲಿ ನಗು ಬಂತು. ಮರುದಿನವೇ ಪ್ರೆಸ್ಸಿಗೆ ಹೋಗಿ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸಿದೆ: ಬೀದರ ಭೂಸಾ.

ಜನವರಿ ಕೊನೆಗೆ ಅದೇ ಹೈದರಾಬಾದಿನಲ್ಲಿ ಬೆಕ್ಕುಗಳ ಪ್ರದರ್ಶನ. ನಾನು, ಇರಮ, ಜಹೀರೋದ್ದೀನ ಸಾಬರು ಟೆಂಪೋದಲ್ಲಿ ಹೋದೆವು. ನಮಗೆ ಸಿಕ್ಕಿದ್ದು ಮೂಲೆಯ ಮೇಜು. ಚೀಲದ ಹೆಸರು ಓದಿ ಜನ ನಕ್ಕು ಮುಂದೆ ಹೋಗುತ್ತಿದ್ದರು. ಮಧ್ಯಾಹ್ನವಾದರೂ ಒಬ್ಬರೂ ನಿಲ್ಲಲಿಲ್ಲ. ಹಸಿವು ತಡೆಯದೆ ನಾನು ರೊಟ್ಟಿ-ಪುಂಡಿಪಲ್ಯದ ಡಬ್ಬಿ ಬಿಚ್ಚಿದೆ. ಅಷ್ಟರಲ್ಲಿ ಬಹುಮಾನದ ಹಾರ ಹಾಕಿಕೊಂಡಿದ್ದ ಒಂದು ಬಿಳಿ ಬೆಕ್ಕು, ಹತ್ತಿಯ ಮೂಟೆಯಂಥದು, ಯಜಮಾನಿಯ ಕೈಯಿಂದ ಹಾರಿ ಓಡಿಬಂತು. ಬೆಳಗಿನಿಂದ ತಡೆದುಕೊಂಡಿತ್ತೋ ಏನೋ, ತೋರಿಸಲೆಂದು ನನ್ನ ಮೇಜಿನ ಮೇಲೆ ಭೂಸಾ ಸುರಿದಿಟ್ಟಿದ್ದ ತಟ್ಟೆಗೆ ನೇರ ಜಿಗಿದು, ಎಲ್ಲರ ಎದುರಿಗೇ ಕೆಲಸ ಮುಗಿಸಿ, ಚೊಕ್ಕವಾಗಿ ಮುಚ್ಚಿತು. ಹಾಲ್ ತುಂಬ ನಗು. ಆ ಹೆಣ್ಣುಮಗಳು ನಾಚಿಕೆಯಿಂದ ಕೆಂಪಾಗಿ, "ಸಾರಿ ಆಂಟಿ, ನೀವು ಊಟ ಮಾಡ್ತಿದ್ರಿ" ಅಂತ ತೆಲುಗಿನಲ್ಲಿ ಹೇಳಿದಳು. ನಾನು ಆ ತಟ್ಟೆಯ ಪಕ್ಕದಲ್ಲೇ ಇನ್ನೊಂದು ತುತ್ತು ಮುರಿದು ಬಾಯಿಗಿಟ್ಟೆ. ನಗು ಅಲ್ಲಿಗೇ ನಿಂತಿತು! ಒಬ್ಬ ಬಗ್ಗಿ ಮೂಸಿದ. ಅವನ ಹಿಂದೆ ಇನ್ನೊಬ್ಬಳು. ನಡುಹಗಲಿನಲ್ಲಿ ಹೈದರಾಬಾದಿನ ದೊಡ್ಡ ಮನೆಗಳ ಜನ ಸಾಲು ನಿಂತು ನನ್ನ ತಟ್ಟೆ ಮೂಸುವುದನ್ನು ನೀವು ನೋಡಬೇಕಿತ್ತು. ಸಂಜೆಗೆ ಟೆಂಪೋ ಖಾಲಿ. ಕೊನೆಗೆ ಆ ವ್ಯಾಪಾರಿಯೇ ಬಂದ. "ಅಮ್ಮಾ, ಹೆಸರು ನಿಮ್ಮದೇ ಇರಲಿ, ಮಾಲು ಮಾತ್ರ ಮೊದಲು ನಮಗೆ ಕೊಡಿ" ಎಂದ. ನಾನು ಬಾಯಿ ತೆರೆಯುವ ಮೊದಲೇ ಜಹೀರೋದ್ದೀನ ಸಾಬರು, "ಲೈನಿನಾಗ ನಿಂದರ್ರಿ" ಎಂದರು.

ಈಗ ಔರಾದಿನಲ್ಲಿ ನಮ್ಮದೇ ಶೆಡ್ಡು ಏಳುತ್ತಿದೆ, ಹೊಸ ಮಷೀನು ಮಾರ್ಚಿಗೆ ಬರುತ್ತದೆ. ನೋಂದಣಿಯ ಕಾಗದದಲ್ಲಿ ಮಾಲಕರ ಜಾಗದಲ್ಲಿ ನನ್ನ ಹೆಸರು ಬರೆದಿದ್ದಾರೆ. ಹಾಗೆ ಬರೆದದ್ದನ್ನು ನಾನು ಮತ್ತೆ ಮತ್ತೆ ಓದುತ್ತಿದ್ದೆ, ಸಹಿ ಹಾಕಲು ಮಹಾಮಾಯಾ ತಿವಿದು ಎಚ್ಚರಿಸಿದಳು. ಇವತ್ತು ಚರ್ಚಿನಲ್ಲಿ ಪಾಸ್ಟರರು ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಪ್ರಾರ್ಥನೆ ಮಾಡಿದರು. ಚಪ್ಪಾಳೆ ಬಿತ್ತು. ನನಗೆ ಮಾತ್ರ ನಿಮ್ಮ ಖಾಲಿ ಜಾಗವೇ ಕಾಣುತ್ತಿತ್ತು.

ಸಲೋಮಿ ಮುತ್ತು ಕಳಿಸಿದ್ದಾಳೆ. ವಿಮಲಾಬಾಯಿಯ ಆಶೀರ್ವಾದ, ಅಣ್ಣ-ಅತ್ತಿಗೆಯ ನಮಸ್ಕಾರ, ಸಾಬರ ಸಲಾಮು. ಆ ಗುಡ್ಡದ ಮೇಲೆ ಕರ್ತನ ಕೈ ನಿಮ್ಮ ತಲೆಯ ಮೇಲಿರಲಿ. ಔಷಧಿ ತಪ್ಪಿಸಬೇಡಿ.

ನಿಮ್ಮ
ಹೆಪ್ಸಿಬಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಜೂನಿಗೆ ನಿಮ್ಮ ಸರ್ವೀಸು ಮುಗಿಯುತ್ತದೆ, ಇನ್ನೆರಡು ವರ್ಷ ಮುಂದುವರಿಯುತ್ತೀರಾ ಎಂದು ಸಾಹೇಬರು ಕೇಳಿದ್ದಾರೆ, ಏನು ಹೇಳಲಿ ಎಂದು ಹೊಸ ವರ್ಷದ ದಿನ ಕೇಳಿದ್ದಿರಿ. "ನಿಮಗ ಹ್ಯಾಂಗ ಅನಸ್ತದ ಹಂಗ ಮಾಡ್ರಿ" ಎಂದಿದ್ದೆ. ನಮ್ಮ ಮದುವೆಯಾದಾಗಿನಿಂದ ಅದನ್ನೇ ಹೇಳಿದ್ದೇನೆ, ನನ್ನೊಬ್ಬಳ ಪಗಾರದಲ್ಲಿ ಮನೆ ನಡೆಯುತ್ತಿರಲಿಲ್ಲ, ಬೇರೆ ಹೇಳುವ ಹಾಗಿರಲಿಲ್ಲ. ಈಗ ನನಗೆ ಅನಿಸಿದ್ದನ್ನು ಬರೆಯುತ್ತೇನೆ: ಒಪ್ಪಬೇಡಿ. ಶೆಡ್ಡಿಗೆ ಆಳು ಬೇಕೆಂದು ಕರೆಯುತ್ತಿದ್ದೇನೆ ಅಂದುಕೊಳ್ಳಬೇಡಿ, ಅದನ್ನು ನೋಡಿಕೊಳ್ಳಲು ಮಹಾಮಾಯಾ ಇದ್ದಾಳೆ. ನೀವು ಸುಮ್ಮನೆ ಮನೆಯಲ್ಲಿರಬೇಕು, ಅಷ್ಟೇ. ಸಾಕು ಮಾಡ್ರಿ. ಮನಿಗಿ ಬರ್ರಿ.