ಬಾವಿಗೆ ಮರಳಿಸುವ ನೀರು

ಮೂಡುಬಿದಿರೆ,
19-3-2025

ಪ್ರೀತಿಯ ತಮ್ಮ ಶಶಿರಾಜನಿಗೆ, ಅಕ್ಕನ ಆಶೀರ್ವಾದಗಳು.

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ಬೆಲ್ಟ್ ಕಟ್ಟಿಕೊಂಡು ಕಾರು ಓಡಿಸುತ್ತೀಯೋ, ಇಲ್ಲ ಡಾಕ್ಟರು ಹೇಳಿದ್ದನ್ನೆಲ್ಲ ಆಸ್ಪತ್ರೆಯ ಮೆಟ್ಟಿಲಲ್ಲೇ ಬಿಟ್ಟು ಬಂದಿದ್ದೀಯೋ? ನಿನ್ನ ಮಗಳು ಶ್ರೇಯಾಳ ಪರೀಕ್ಷೆ ಮುಗಿಯಿತೆಂದು ತಿಳಿಯಿತು. ರಾತ್ರಿಯಿಡೀ ಓದಿ ಕಣ್ಣು ಹಾಳು ಮಾಡಿಕೊಂಡಿದ್ದಾಳೆ, ನಾಲ್ಕು ದಿನ ಮಲಗಲು ಬಿಡು. ಇಲ್ಲಿ ನಿನ್ನ ಭಾವ ಸುಖವಾಗಿದ್ದಾರೆ. ಅವರಿಗೆ ಲಿಫ್ಟ್ ಎಂದರೆ ಮಕ್ಕಳಿಗೆ ತೊಟ್ಟಿಲು ಇದ್ದ ಹಾಗೆ, ಪೇಪರು ತರುವ ನೆಪದಲ್ಲಿ ದಿನಕ್ಕೆ ಮೂರು ಸಲ ಇಳಿದು ಹತ್ತುತ್ತಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನಿನಗೆ ಯಾವಾಗಲೂ ಇನ್ನೊಂದು ಕಾಲ್ ಬರುತ್ತಿರುತ್ತದೆ, ವಾಟ್ಸಾಪಿನಲ್ಲಾದರೆ ಹೆಬ್ಬೆರಳು ತೋರಿಸಿ ಮುಗಿಸುತ್ತೀ. ಮಂಗಳೂರು ಇಲ್ಲಿಂದ ಒಂದು ಗಂಟೆಯ ದಾರಿ, ನೀನು ಈ ಕಡೆ ಬಂದು ಒಂದು ವರ್ಷ ದಾಟಿತು. ಹಾಗಾಗಿ ಈ ಕಾಗದ.

ಮೊನ್ನೆ ನೀನು ಮನೆಯವರ ಗುಂಪಿಗೆ ಹಾಕಿದ ಪತ್ರಿಕೆಯ ಪುರವಣಿಯನ್ನು ಎರಡು ಸಲ ಓದಿದೆ. ‘ನೆಮ್ಮದಿಯ ಬದುಕಿಗೆ ಹೊಸ ವಿಳಾಸ’ ಎಂದು ನಮ್ಮ ಊರಿನ ಮೇಲೆ ಇಡೀ ಒಂದು ಪುಟ. ಕಾಲೇಜುಗಳು, ಹಾಸ್ಟೆಲುಗಳು, ಹತ್ತು ನಿಮಿಷದಲ್ಲಿ ಆಸ್ಪತ್ರೆ, ಅಗಲವಾಗುತ್ತಿರುವ ಹೆದ್ದಾರಿ, ಮಂಗಳೂರಿಗಿಂತ ಕಡಿಮೆ ಬಾಡಿಗೆ, ಶುದ್ಧ ಗಾಳಿ. ಬದುಕಿನ ಗುಣಮಟ್ಟಕ್ಕೆ ಹತ್ತರಲ್ಲಿ ಎಂಟು ಅಂಕ. ಮೂವತ್ತೊಂದು ವರ್ಷ ಶಾಲೆಯಲ್ಲಿ ಅಂಕ ಕೊಟ್ಟವಳು ನಾನು, ಇಷ್ಟು ಧಾರಾಳವಾಗಿ ಯಾರಿಗೂ ಕೊಟ್ಟವಳಲ್ಲ. ಗಾಳಿಯ ವಿಷಯ ಬರೆದ ಪುಣ್ಯಾತ್ಮ ನಮ್ಮ ಅಡುಗೆಮನೆಯ ಕಿಟಕಿಯ ಸರಳನ್ನು ಒಮ್ಮೆ ಮುಟ್ಟಿ ನೋಡಲಿ, ರಸ್ತೆಯ ಕೆಂಪು ಧೂಳಿನಲ್ಲಿ ಅವನ ಹೆಸರನ್ನೇ ಬರೆಯಬಹುದು. ಇದ್ದದ್ದನ್ನು ಇಲ್ಲ ಎನ್ನುವುದಿಲ್ಲ. ನಿನ್ನ ಭಾವನಿಗೆ ಎದೆನೋವು ಬಂದ ದಿನ ಡಾಕ್ಟರು ಇಲ್ಲೇ ಸಿಕ್ಕಿದರು, ಹಿಂದಿನ ಕಾಲವಾಗಿದ್ದರೆ ದಾರಿಯಲ್ಲೇ ಮುಗಿಯುತ್ತಿತ್ತು. ಆದರೆ ಆ ಇಡೀ ಪುಟದಲ್ಲಿ ನೀರಿನ ಮಾತು ಒಂದೇ ಕಡೆ ಇದೆ. ಕೆಳಗಿನ ಜಾಹೀರಾತಿನಲ್ಲಿ, ಈಜುಕೊಳ ಎಂದು.

ನಮ್ಮಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಸಂಜೆ ಆರೂವರೆಗೆ ಬಂದು, ಮೇಲಿನ ಟಾಂಕಿ ತುಂಬಿ, ನಮ್ಮ ನಲ್ಲಿಗೆ ಇಳಿಯುವಾಗ ಏಳು ಗಂಟೆ. ಆಗ ಸೂರ್ಯ ಮುಳುಗಿರುತ್ತಾನೆ, ನಾನು ಊಟ ಮುಗಿಸಿ ಬಾಯಿ ತೊಳೆದಿರುತ್ತೇನೆ, ಕತ್ತಲಾದ ಮೇಲೆ ಜೈನರ ಮನೆಯಲ್ಲಿ ಹನಿ ನೀರೂ ಇಲ್ಲವಲ್ಲ. ಅದನ್ನಾದರೂ ಹೇಗೋ ಹೊಂದಿಸಿಕೊಂಡೆ, ಒಂದು ದಿನದ ನೀರನ್ನು ಮರುದಿನಕ್ಕೆ ಹಿಡಿದಿಟ್ಟೆ. ಹೊಂದಿಸಲಾಗದ ಸಂಗತಿ ಬೇರೆ. ನಿನಗೆ ಮರೆತಿರಬಹುದು, ಆದ್ದರಿಂದ ಬರೆಯುತ್ತೇನೆ. ಅಮ್ಮ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಆಮೇಲೆ ಆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಆ ತೊಳೆದ ನೀರನ್ನು ಅದೇ ಬಾವಿಗೆ ಇಳಿಸುತ್ತಿದ್ದಳು. ಮೇಲಿನಿಂದ ಸುರಿಯುತ್ತಿರಲಿಲ್ಲ, ಚಿಕ್ಕ ಕೊಡಪಾನದಲ್ಲಿ ತಳದವರೆಗೆ ಬಿಟ್ಟು ಮೆಲ್ಲನೆ ಮಗುಚುತ್ತಿದ್ದಳು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಹುಟ್ಟಿದ ನೀರಿಗೇ ಮರಳಬೇಕು, ಬೇರೆ ನೀರಿನಲ್ಲಿ ಅವು ಬದುಕಲಾರವು ಎಂದು. ನಿನ್ನ ಭಾವ ಗೋಡೆಗೆ ಫಿಲ್ಟರ್ ಹಾಕಿಸಿ ‘ಇಷ್ಟು ದೊಡ್ಡ ಮೆಷಿನ್ ಉಂಟಲ್ಲ ಮಾರಾಯ್ತಿ, ಇನ್ನು ಆ ಬಟ್ಟೆ ಯಾಕೆ?’ ಎಂದರು. ಮೆಷಿನ್ ನಮ್ಮ ಹೊಟ್ಟೆಯನ್ನು ಕಾಯುತ್ತದೆ, ಬಟ್ಟೆ ಇನ್ನೊಬ್ಬರ ಜೀವವನ್ನು ಕಾಯುತ್ತದೆ ಎಂದೆ. ಅವರು ಲಿಫ್ಟಿನಲ್ಲಿ ಕೆಳಗೆ ಹೋದರು.

ಟ್ಯಾಂಕರಿನ ಡ್ರೈವರ್ ಧರ್ಣಪ್ಪನನ್ನು ಕೇಳಿದೆ, ಇದು ಯಾವ ಬಾವಿಯ ನೀರು ಎಂದು. ‘ಒಂದೊಂದು ದಿನ ಒಂದೊಂದು ಕಡೆದ್ದು ಅಕ್ಕ, ಇವತ್ತಿಂದು ಮಾರ್ಪಾಡಿಯದ್ದು’ ಎಂದ. ಬಟ್ಟೆ ತೊಳೆದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಸಿ, ಅಲ್ಲಿಗೇ ಬಿಡು ಮಗ ಎಂದು ಅವನ ಕೈಯಲ್ಲಿ ಕೊಟ್ಟೆ. ‘ಆಯ್ತು, ಬಿಡ್ತೇನೆ’ ಎಂದ. ಬಾಲ್ಕನಿಯಿಂದ ನೋಡುತ್ತೇನೆ, ಗೇಟು ದಾಟುವ ಮೊದಲೇ ಅದರಿಂದ ಟ್ಯಾಂಕರಿನ ಗಾಜು ತೊಳೆಯುತ್ತಿದ್ದಾನೆ. ಅವನ ತಪ್ಪೇನು? ನನ್ನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆ ದಿನ ನಾನು ಅತ್ತುಬಿಟ್ಟೆ, ಶಶಿ. ನಮ್ಮದೇ ಬಾವಿ ಈಗ ಪಾರ್ಕಿಂಗಿನ ನಾಲ್ಕನೇ ಕಂಬದ ಕೆಳಗಿದೆ, ಅದರ ಮೇಲೆ ಯಾರದೋ ಬಿಳಿ ಕಾರು ನಿಲ್ಲುತ್ತದೆ. ಮನೆ ಅಮ್ಮನ ಕಡೆಯಿಂದ ಬಂದದ್ದು, ನನ್ನ ಸಹಿ ಇಲ್ಲದೆ ಅದನ್ನು ಕೆಡವಿ ಈ ಫ್ಲ್ಯಾಟುಗಳನ್ನು ನಿನಗೆ ಕಟ್ಟಲಾಗುತ್ತಿರಲಿಲ್ಲ. ‘ಬಾವಿಗೆ ಗ್ರಿಲ್ ಹಾಕಿಸಿ ಉಳಿಸುವ ಅಕ್ಕ’ ಎಂದು ನೀನೇ ಹೇಳಿದ್ದು. ಆ ಮಾತು ನಂಬಿ ಸಹಿ ಹಾಕಿದೆ. ಆಮೇಲೆ ಎಂಜಿನಿಯರ್ ಒಪ್ಪಲಿಲ್ಲ ಎಂದು ನೀನೇ ಹೇಳಿದೆ. ಅದನ್ನು ನಾನು ಈವರೆಗೆ ಎತ್ತಿ ಆಡಿರಲಿಲ್ಲ, ಇವತ್ತು ಆಡುತ್ತಿದ್ದೇನೆ.

ಈಗ ನಾನು ನೀರು ತರುವುದು ಹಿಂಬದಿಯ ಅಬ್ದುಲ್ ಸಮದ್ ಬ್ಯಾರಿಗಳ ಬಾವಿಯಿಂದ. ಈ ಸುತ್ತಿನಲ್ಲಿ ಉಳಿದದ್ದು ಅದೊಂದೇ. ಮೊದಲ ದಿನ ಸಂಕೋಚಪಟ್ಟು ಬೇಲಿಯ ಹೊರಗೇ ನಿಂತಿದ್ದೆ. ‘ಬಾವಿ ಉಂಟಲ್ಲ ಟೀಚರೇ, ಅದಕ್ಕೆ ಕೇಳುದೆಂತ?’ ಎಂದರು. ಅವರ ಹೆಂಡತಿ ರಾಫಿಯಾ ನಾನು ನೀರನ್ನು ವಾಪಸು ಇಳಿಸುವುದನ್ನು ನೋಡಿ, ಯಾಕೆ ಎಂದು ಕೇಳಿ ತಿಳಿದುಕೊಂಡು, ಮರುದಿನದಿಂದ ನನಗೆಂದೇ ಒಂದು ಹಗ್ಗವನ್ನು ಬೇರೆ ಇಟ್ಟಿದ್ದಾಳೆ. ಈಗ ಅವರಿಗೆ ರಂಜಾನಿನ ನೋಂಬು, ಹಗಲಿಡೀ ಉಪವಾಸ. ನಾನು ದಿನದ ಕೊನೆಯ ತುತ್ತು ಮುಗಿಸುವಾಗ ಅವರು ಮೊದಲ ತುತ್ತಿಗೆ ಕಾಯುತ್ತಿರುತ್ತಾರೆ, ಇಬ್ಬರದ್ದೂ ಅದೇ ನೀರು. ಬಸದಿಯಲ್ಲಿ ಒಂದಿಬ್ಬರು ಹೆಂಗಸರು ‘ಬ್ಯಾರಿಗಳ ಬಾವಿಯದ್ದಾ ಕಮಲಕ್ಕ?’ ಎಂದು ಮೂಗು ಮುರಿದರು. ನೀರಿಗೆ ಜಾತಿ ಕೇಳುವುದಾದರೆ ಟ್ಯಾಂಕರಿನದ್ದನ್ನೂ ಕೇಳಿ ಬನ್ನಿ ಎಂದೆ.

ಇನ್ನು ಕಾಗದದ ವಿಷಯಕ್ಕೆ ಬರುತ್ತೇನೆ. ಆ ಜಾಗವನ್ನೂ ಯಾರೋ ಕೇಳುತ್ತಿದ್ದಾರೆ. ಸಮದ್ ಬ್ಯಾರಿಗಳ ಮಗ ಸಿನಾನ್ ಮೆಲ್ಕಾರಿನಲ್ಲಿ ಅಂಗಡಿ ಹಾಕಿ ಅಲ್ಲೇ ಮನೆ ಮಾಡಿದ್ದಾನೆ, ತಂದೆತಾಯಿಯನ್ನು ಕರೆಯುತ್ತಿದ್ದಾನೆ. ಇವರಿಗೆ ಅರ್ಧ ಮನಸ್ಸು. ಬಾವಿ ಉಳಿಸುವುದಾದರೆ ಮಾತ್ರ ಕೊಡುತ್ತೇನೆ ಎಂದಿದ್ದಾರೆ, ಬ್ರೋಕರು ಹೂಂ ಎಂದಿದ್ದಾನಂತೆ. ಕೊಳ್ಳುವವರು ಯಾರೆಂದು ಮಾತ್ರ ಬಾಯಿ ಬಿಡುವುದಿಲ್ಲವಂತೆ. ಸಮದ್ ಬ್ಯಾರಿಗಳು ನಿನಗೆ ಫೋನ್ ಮಾಡಿ ಕೇಳಿದರಂತಲ್ಲ? ‘ಒಳ್ಳೆಯ ಪಾರ್ಟಿ, ಕೊಟ್ಟುಬಿಡಿ’ ಎಂದು ನೀನು ಹೇಳಿದೆಯಂತೆ. ನನಗೆ ಬೇಸರವಾಯಿತು. ಬಾವಿಯ ಮಾತನ್ನು ಯಾರಾದರೂ ಹೇಗೆ ನುಂಗಿಬಿಡುತ್ತಾರೆ ಎನ್ನುವುದು ನಿನಗೆ ಗೊತ್ತಿಲ್ಲವೇ? ಕಟ್ಟುವವರೆಲ್ಲ ನಿನ್ನ ಪರಿಚಯದವರು. ಯಾರೆಂದು ವಿಚಾರಿಸಿ, ಬಾವಿಯನ್ನು ಬರವಣಿಗೆಯಲ್ಲಿ ಉಳಿಸಿಕೊಳ್ಳಿ ಎಂದು ಸಮದ್ ಬ್ಯಾರಿಗಳಿಗೆ ಒಂದು ಮಾತು ಹೇಳು. ಅಕ್ಕ ನಿನ್ನಲ್ಲಿ ಬೇರೇನೂ ಕೇಳಿದವಳಲ್ಲ. ಆ ಬಾವಿ ಹೋದರೆ ನಾನು ಕುಡಿಯುವ ಪ್ರತಿ ಲೋಟವೂ ನನ್ನ ಗಂಟಲಲ್ಲಿ ನಿಲ್ಲುತ್ತದೆ.

ನಿನ್ನ ಹೆಂಡತಿಗೆ ನನ್ನ ನೆನಪು, ಶ್ರೇಯಾಳಿಗೆ ಮುತ್ತು. ಬೆನ್ನಿಗೆ ಬಿಸಿನೀರಿನ ಶಾಖ ಕೊಡಿಸಿಕೋ. ಭಗವಂತ ನಿನಗೆ ಆಯುಸ್ಸು, ಆರೋಗ್ಯದ ಜೊತೆಗೆ ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ಇತಿ ನಿನ್ನ ಅಕ್ಕ,
ಕಮಲಾವತಿ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ನಿನ್ನೆ ಸಂಜೆ ಸಮದ್ ಬ್ಯಾರಿಗಳು ಬಂದರು. ಕೈಯಲ್ಲಿ ಕರಾರುಪತ್ರ. ‘ಇದನ್ನೊಮ್ಮೆ ಓದಿ ಹೇಳಿ ಟೀಚರೇ, ನನ್ನ ಕಣ್ಣಿಗೆ ಹಿಡಿಯುದಿಲ್ಲ’ ಎಂದರು. ಗಟ್ಟಿಯಾಗಿ ಓದಿದೆ. ಬಾವಿಯನ್ನು ಮುಚ್ಚಿ ಸಮತಟ್ಟು ಮಾಡುವ ಪೂರ್ಣ ಹಕ್ಕು ಕೊಳ್ಳುವವರದ್ದು ಎಂದಿತ್ತು, ಅದನ್ನೂ ಓದಿದೆ. ಮುಂದಿನ ಸಾಲಿನಲ್ಲಿ ಕೊಳ್ಳುವ ಕಂಪೆನಿಯ ಪಾಲುದಾರರ ಹೆಸರು. ಮೊದಲ ಹೆಸರು ನಿನ್ನದು. ಮೂವತ್ತೊಂದು ವರ್ಷ ಪಾಠ ಓದಿದವಳು ಮೊದಲ ಬಾರಿ ಒಂದು ಸಾಲು ಬಿಟ್ಟು ಓದಿದೆ. ಅವರು ಕಾಗದ ಮಡಚಿ, ‘ಇದು ಮಾತಾಡಿದ್ದಲ್ಲ ಟೀಚರೇ. ಇರಲಿ, ನಿಮ್ಮ ತಮ್ಮನ ಹತ್ರ ಕೇಳ್ತೇನೆ, ಅವರು ಹಾಕಿ ಅಂತ ಹೇಳಿದ್ರೆ ಮಾತ್ರ ಸೈನ್ ಹಾಕುದು’ ಎಂದು ಹೋದರು. ಸೋಮವಾರ ಸಹಿ. ಅದರೊಳಗೆ ನಿನಗೆ ಅವರ ಫೋನ್ ಬರುತ್ತದೆ, ಏನು ಹೇಳಬೇಕೋ ನೋಡಿಕೋ. ನೀನು ಹಾಕಿ ಎಂದರೆ ನಾನು ಹೋಗಿ ಬಿಟ್ಟ ಸಾಲನ್ನು ಓದಿ ಬರುತ್ತೇನೆ. ಇವತ್ತು ಬೆಳಿಗ್ಗೆ ಕೊಡಪಾನ ಹಿಡಿದು ಅವರ ಬೇಲಿಯವರೆಗೆ ಹೋದವಳು ಹಾಗೇ ತಿರುಗಿ ಬಂದೆ. ರಾಫಿಯಾ ಒಳಗಿನಿಂದ ಕರೆದಳು, ಕೇಳಿಸದವಳ ಹಾಗೆ ನಡೆದೆ. ಈಗ ಮಧ್ಯಾಹ್ನ ಎರಡು ಗಂಟೆ. ಇನ್ನೂ ನೀರು ಕುಡಿದಿಲ್ಲ.