ಮಾಸ್ತರರಿಲ್ಲದ ಒಂದು ದಿನ

ಪ್ರೀತಿಯ ಅಕ್ಕೋರೆ,

ಕ್ಷೇಮ ಸಮಾಚಾರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಶಾಲೆಯ ಕಪಾಟಿನಲ್ಲಿ, ಭಾರತದ ನಕಾಶೆಯ ಸುರುಳಿಯ ಹಿಂದೆ ನೀವು ಅಡಗಿಸಿಟ್ಟಿದ್ದ ಶೇಂಗಾ ಚಟ್ನಿಯ ಡಬ್ಬಿಯನ್ನು ನಾನು ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಹಾಡಹಗಲಿನಲ್ಲಿ ತೆರೆದು ತಿಂದಿದ್ದೇನೆ. ಒಮ್ಮೆಗೇ ಅಲ್ಲ, ದಿನಕ್ಕೊಂದು ಚಿಟಿಕೆಯಂತೆ. ಅದರಲ್ಲಿ ಬೆಳ್ಳುಳ್ಳಿ ಇತ್ತು. ಉಡುಪಿಯ ಭಟ್ಟರ ಮನೆಯಲ್ಲಿ ಹುಟ್ಟಿ, ಬೆಳ್ಳುಳ್ಳಿಯ ವಾಸನೆಗೆ ಮೂಗು ಮುಚ್ಚಿಕೊಂಡು ಬೆಳೆದವನು ನಾನು. ಹಾಗಾಗಿ ಕಳ್ಳತನ ಒಂದು, ಕುಲಕ್ಕೆ ದ್ರೋಹ ಇನ್ನೊಂದು. ಶಿಕ್ಷೆ ಕೊಡಬೇಕಾದ ಹೆಡ್‌ಮಿಸ್ಟ್ರೆಸ್ಸೇ ಇಲ್ಲದ ಶಾಲೆಯಲ್ಲಿ ಅಪರಾಧಕ್ಕೂ ಒಂದು ರುಚಿ ಇರುವುದಿಲ್ಲ, ಅಕ್ಕೋರೆ. ಚಟ್ನಿಗೆ ಇತ್ತು.

ದೀಪಾವಳಿ ರಜೆ ಮುಗಿದ ಆ ಸೋಮವಾರ ನೆನಪಾಗುತ್ತದೆ. ಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಎಂದಿನಂತೆ ಮುಂಚಿತವಾಗಿ ಹತ್ತಿ, ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಕೂತಿದ್ದೆ. ನೀವು ಕೋಪರಖೈರಣೆಯಿಂದ ಠಾಣೆಗೆ ಒಂದು ಗಾಡಿ, ಠಾಣೆಯಿಂದ ಕಲ್ಯಾಣಕ್ಕೆ ಇನ್ನೊಂದು ಗಾಡಿ ಹಿಡಿದು, ಸೆರಗಿನಲ್ಲಿ ಮುಖ ಒರೆಸುತ್ತ ಓಡಿಬಂದು, "ಸೀಟ್ ಹಿಡದೀರೋ ಇಲ್ಲೋ ಭಟ್ ಸರ?" ಎನ್ನುವ ಹೊತ್ತು. ನೀವು ಬರಲಿಲ್ಲ. ಫೋನು ಬಂತು. ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ನಿಮ್ಮ ತಮ್ಮ ಊರಿನಿಂದ ಮಾತಾಡಿದರು. "ಅಕ್ಕ ಹೋದಳ್ರೀ ಸರ. ಜ್ವರ ಬಂದಿದ್ದಷ್ಟ ನೆವಾ." ವಿಜಾಪುರಕ್ಕೆ ರಜೆಯಲ್ಲಿ ಹೋದವರು ಅರ್ಜಿಯಿಲ್ಲದೆ ರಜೆ ಮುಂದುವರಿಸಿಬಿಟ್ಟಿರಿ. ಇಡೀ ಸರ್ವಿಸ್ಸಿನಲ್ಲಿ ನೀವು ಮಾಡಿದ ಒಂದೇ ಅಶಿಸ್ತು. ಅದನ್ನೂ ಇಷ್ಟು ದೊಡ್ಡದಾಗಿ ಮಾಡಬೇಕಿತ್ತೇ?

ಕರ್ಚೀಫು ಇವತ್ತಿಗೂ ಹಾಕುತ್ತೇನೆ. ಅಭ್ಯಾಸ, ಅಷ್ಟೆ. ಯಾರಾದರೂ "ಕೋಯೀ ಹೈ ಕ್ಯಾ ಇಧರ್?" ಎಂದರೆ "ಆ ರಹಾ ಹೈ" ಎನ್ನುತ್ತೇನೆ. ಬಸ್ಸು ಹೊರಟು, ಊರು ದಾಟಿ, ನಮ್ಮ ಶಾಲೆಯ ಪಕ್ಕದ ಕಲ್ಲುಗಣಿಯ ಧೂಳು ಕಾಣುವವರೆಗೂ ಆ 'ಬರುತ್ತಿರುವವರು' ಬರುವುದಿಲ್ಲ. ಕಂಡಕ್ಟರನಿಗೆ ಗೊತ್ತು. ಅವನು ಆ ಸೀಟಿನ ಮೇಲೆ ಟಿಕೆಟ್ಟಿನ ಪೆಟ್ಟಿಗೆಯನ್ನೂ ಇಡುವುದಿಲ್ಲ. ಕಲ್ಯಾಣದಲ್ಲಿ ಮನೆ ಮಾಡಿಯೂ ಕಲ್ಯಾಣವಾಗದವನು ಎಂದು ನೀವು ನನ್ನನ್ನು ಕಾಡುತ್ತಿದ್ದಿರಲ್ಲ, ಈಗ ಮನೆಯಲ್ಲಿ ಒಂಟಿ, ಬಸ್ಸಿನಲ್ಲಿ ಒಂಟಿ, ಸ್ಟಾಫ್ ರೂಮಿನಲ್ಲೂ ಒಂಟಿ. ಸ್ಟಾಫ್ ರೂಮ್ ಅಂದರೇನು, ಕಪಾಟಿನ ಮರೆಯಲ್ಲಿ ಎರಡು ಕುರ್ಚಿ. ಸ್ಟಾಫಿನ ಮೀಟಿಂಗು ಮಾತ್ರ ಈಗ ಬೇಗ ಮುಗಿಯುತ್ತದೆ. ಯಾರೂ ಆಕ್ಷೇಪ ಎತ್ತುವುದಿಲ್ಲ.

ಹೋಗಲಿ. ನಾನು ಈ ಪತ್ರ ಬರೆಯತೊಡಗಿದ್ದು ಅಳುವುದಕ್ಕಲ್ಲ, ಜಂಬ ಕೊಚ್ಚುವುದಕ್ಕೆ. ನಿಮ್ಮ ಮೂರನೆಯ ಗುರಿಯೂ ಮುಗಿಯಿತು, ಅಕ್ಕೋರೆ! ನಾನು ಮುಗಿಸಿದೆ!

ಗುರಿ ಬರೆದ ಆ ಮಧ್ಯಾಹ್ನ ನೆನಪಿದೆಯೇ? ಶಾಲೆ ನಡೆಸುವ ಡೊಂಬಿವಲಿಯ ಸಂಘದಿಂದ ಹೋಟೆಲಿನ ಶೆಟ್ಟರು, ಅಂದರೆ ನಮ್ಮ ಸೆಕ್ರೆಟರಿಯವರು, ಹೇಳಿಕಳಿಸಿದ್ದರು. ಶಾಲೆಯ ಸುಧಾರಣೆಗೆ ಗುರಿಗಳು ಬೇಕು, ವರ್ಷದೊಳಗೆ ಈಡೇರಬೇಕು. ನಾನು ಎಂ.ಎ. ಮಾಡಿದವನು, ಬಿಟ್ಟೇನೆಯೇ? 'ಸರ್ವಾಂಗೀಣ ವಿಕಾಸ', 'ಮೌಲ್ಯಾಧಾರಿತ ಕಲಿಕೆ', 'ಸಮುದಾಯದ ಸಹಭಾಗಿತ್ವ' ಎಂದು ಕರಿಹಲಗೆ ತುಂಬ ಬರೆದೆ. ಜೊತೆಗೆ ನನ್ನದೊಂದು ಜಾಣತನ: "ನೋಡಿ ಅಕ್ಕೋರೆ, ಗುರುವಿನ ಕೊನೆಯ ಕೊಂಬು ಕಿತ್ತು ಗುಡಿಸು ಕೊಟ್ಟರೆ ಗುರಿಯಾಗುತ್ತದೆ." ನೀವು ನಗಲಿಲ್ಲ. ಮೂಲೆಯ ಕಸಬರಿಗೆ ನನ್ನ ಕೈಗಿತ್ತು, "ಹಂಗಾದ್ರ ಮೊದಲ ಕೊಂಬು ಇಳಸ್ರಿ, ಆಮ್ಯಾಲ ಇದನ್ನ ಗುಡಸ್ರಿ" ಎಂದಿರಿ. ಆಮೇಲೆ ಹಲಗೆ ನೋಡಿ, "ಅಲ್ರೀ ಸರ, ಈ ಸರ್ವಾಂಗೀಣ ಆತೋ ಇಲ್ಲೋ ಅಂತ ನಮಗ ಹೆಂಗ ತಿಳಿಬೇಕು? ಗುರಿ ಅಂದ್ರ ಬಾಗಲದಾಗ ನಿಂತವ್ರಿಗೆ ಕಾಣಬೇಕು" ಎಂದಿರಿ. ನನ್ನ ವಿಕಾಸವನ್ನೆಲ್ಲ ಒರೆಸಿ, ಹಲಗೆಯ ನೆತ್ತಿಯಲ್ಲಿ ಮೂರೇ ಸಾಲು ಬರೆದಿರಿ. ಒಂದು, ಪಾಯಖಾನೆಗೆ ಒಳಗಿನಿಂದ ಚಿಲಕ. ಎರಡು, ದೊಡ್ಡ ಮಕ್ಕಳೆಲ್ಲ ಬಸ್ಸಿನ ಮರಾಠಿ ಬೋರ್ಡು ಓದಬೇಕು. ಮೂರು, ಮಾಸ್ತರರಿಲ್ಲದೆ ಒಂದು ದಿನ ಶಾಲೆ ನಡೆಯಬೇಕು. ಈಡೇರಿದ ಗುರಿಯನ್ನು ಒರೆಸುವ ಅಧಿಕಾರ ನಮಗಿಲ್ಲ, ಮಕ್ಕಳಿಗೆ ಮಾತ್ರ ಎಂದೂ ಹೇಳಿದಿರಿ.

ಚಿಲಕದ ಪ್ರಸಂಗ ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ. ಚಿಲಕವಿಲ್ಲದ ಬಾಗಿಲಿಗೆ ಹೆದರಿ ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದವರು ತಿರುಗಿ ಬರುತ್ತಿರಲಿಲ್ಲ. ನಾನು 'ನೈರ್ಮಲ್ಯ' ಎಂಬ ಪದವನ್ನು ಬಗೆಬಗೆಯಾಗಿ ಬಳಸಿ ಸಂಘಕ್ಕೆ ಬರೆದು ಬರೆದು ಸೋತಿದ್ದೆ. ನೀವು ಏನು ಮಾಡಿದಿರಿ? ತಪಾಸಣೆಗೆ ಬಂದ ಶೆಟ್ಟರಿಗೆ ಚಹಾ ಕೊಟ್ಟಿರಿ. ಮತ್ತೆ ಚಹಾ ಕೊಟ್ಟಿರಿ. "ಇನ್ನೊಂದೀಟು ತಗೋರಿ, ಬಿಸಲಾಗ ಬಂದೀರಿ" ಎಂದು ಮೇಲೆ ಮಜ್ಜಿಗೆ ಕೊಟ್ಟಿರಿ. ಶೆಟ್ಟರು ಎದ್ದು ಹಿತ್ತಲಿಗೆ ಹೋದದ್ದೇ ತಡ, ಮಕ್ಕಳನ್ನೆಲ್ಲ ಆಟಕ್ಕೆ ಬಿಟ್ಟಿರಿ! ಒಳಗಿನಿಂದ ಶೆಟ್ಟರ ಕೆಮ್ಮು, ಗಾಳಿಗೆ ಓಲಾಡುವ ಬಾಗಿಲು, ಬಾಗಿಲ ಸಂದಿಯಲ್ಲಿ ಹಿಡಿದುಕೊಂಡ ಐದು ಬೆರಳು, ಅದರಲ್ಲಿ ನವರತ್ನದ ಉಂಗುರ. ಹೊರಗೆ ಬಂದವರು ಬೆವರು ಒರೆಸುತ್ತ, "ಎಂಥ ಮಾರಾಯ್ರೆ ಇದು, ಮರ್ಯಾದಸ್ಥರು ಹೋಗುವ ಹಾಗಿಲ್ಲವಲ್ಲ!" ಎಂದರು. "ಹೌದ್ರೀ, ಹುಡುಗ್ಯಾರೂ ಮರ್ಯಾದಸ್ತರ" ಎಂದಿರಿ ನೀವು. ಮಾರನೆಯ ದಿನವೇ ಚಿಲಕ ಬಂತು. ಹಿತ್ತಾಳೆಯದು!

ಎರಡನೆಯ ಸಾಲು ಒರೆಸಿದ ದಿನವೂ ನೀವಿದ್ದಿರಿ. ನಮ್ಮ ಏಳನೆಯ ತರಗತಿಯ ರೇಣುಕಾಳ ಅವ್ವ ಆಸ್ಪತ್ರೆಗೆಂದು ಹೊರಟು ಬೇರೆ ಊರಿನ ಬಸ್ಸಿಗೆ ಕಾಲಿಟ್ಟಿದ್ದಳು. ಈ ಹುಡುಗಿ ಬೋರ್ಡು ಓದಿ, "ಯವ್ವಾ ಇಳಿ, ಇದು ಕಲ್ಯಾಣಕ್ಕ ಹೋಗಂಗಿಲ್ಲ!" ಎಂದು ಸೆರಗು ಹಿಡಿದು ಎಳೆದಳಂತೆ. ಅವ್ವ ಗಣಿಯ ತುಂಬ ಹೇಳಿಕೊಂಡು ಬಂದಳು. ಮರುದಿನ ನಿಮ್ಮ ಕಣ್ಣು ಕೆಂಪಗಿತ್ತು. ಕೇಳಿದರೆ ಧೂಳು ಎಂದಿರಿ. ಗಣಿಯ ಧೂಳು ಎಷ್ಟು ಉಪಕಾರಿ ನೋಡಿ, ಎಲ್ಲದಕ್ಕೂ ಒದಗುತ್ತದೆ. ನನಗೂ ಈಗೀಗ ಆಗಾಗ ಒದಗುತ್ತದೆ.

ಮೂರನೆಯ ಗುರಿ ಮಾತ್ರ ನನಗೆ ಅರ್ಥವಾಗಿರಲಿಲ್ಲ. "ಮಾಸ್ತರರೇ ಇಲ್ಲದೆ ಶಾಲೆ ನಡೆದರೆ ನಮಗೆ ಯಾಕೆ ಕೆಲಸ ಕೊಡುತ್ತಾರೆ, ಅಕ್ಕೋರೆ?" ಎಂದು ಕೇಳಿದ್ದೆ. ನೀವು ಕಿಟಕಿಯಿಂದ ಗಣಿಯ ಕಡೆ ಕೈ ತೋರಿಸಿದಿರಿ. "ನಾವು ಒಂದಿನ ಬಾಗಲಾ ಮುಚ್ಚಿದ್ರ ಈ ಹುಡುಗ್ರು ಎಲ್ಲಿ ಹೋಗ್ತಾವ? ಅಲ್ಲೇ. ಬುಟ್ಟಿ ಹೊರೂದು ಒಮ್ಮೆ ಕೈಗೆ ಹತ್ತಿತಂದ್ರ ಪಾಟಿ ಹಿಡಿಯೂದು ಮರೀತೈತಿ. ನಾ ಇರ್ತೀನೋ ಇಲ್ಲೋ, ನೀವು ಇರ್ತೀರೋ ಇಲ್ಲೋ. ಬಾಗಲಾ ತೆರೆದಿರಬೇಕು, ಅಷ್ಟ." ನೀವು ಆಗಲೇ ಏನನ್ನಾದರೂ... ಇಲ್ಲ, ಇರಲಾರದು. ನಿಮ್ಮದು ಯಾವಾಗಲೂ ಹಾಗೆಯೇ ಮಾತು.

ನೀವು ಹೋದ ಮೇಲೆ ಆ ಮಾತಿಗೆ ಹಲ್ಲು ಮೂಡಿತು. ಇನ್ನೊಬ್ಬರು ಟೀಚರು ಸಿಗಲಿಲ್ಲ. ಕಲ್ಲುಗಣಿಯ ಕನ್ನಡ ಶಾಲೆಗೆ ಯಾರು ಬಂದಾರು? ಫೆಬ್ರವರಿಯಲ್ಲಿ ನನಗೆ ಜ್ವರ ಬಂದು ಶಾಲೆಗೆ ಬೀಗ ಬಿತ್ತು. ಎದ್ದು ಬಂದಾಗ ರೇಣುಕಾ ಗಣಿಯಲ್ಲಿದ್ದಳು, ತಲೆಯ ಮೇಲೆ ಸಿಂಬೆ. ಅವಳನ್ನು ಕರೆತರಲು ಅವಳ ಅಪ್ಪನ ಜೊತೆ ನಾನಾಡಿದ ಮಾತುಗಳಲ್ಲಿ ಒಂದೂ ಜಾಣತನದ ಮಾತಿರಲಿಲ್ಲ, ಅಕ್ಕೋರೆ. ಬೇಡಿಕೊಂಡೆ. ಅಷ್ಟರಲ್ಲಿ ಶೆಟ್ಟರು ಡೊಂಬಿವಲಿಗೆ ಕರೆಸಿದರು. "ಭಟ್ರೆ, ಒಬ್ಬ ಮಾಸ್ಟ್ರು, ಒಂದು ಜ್ವರ, ಶಾಲೆಗೆ ಬೀಗ. ಹೀಗಾದ್ರೆ ಹೇಗೆ ಮಾರಾಯ್ರೆ? ಸಂಘದವರು ಮುಚ್ಚುವಾ ಅಂತಿದ್ದಾರೆ. ನಿಮಗೇನು, ವಾಶಿಯಲ್ಲಿ ದೊಡ್ಡ ಶಾಲೆಗಳುಂಟು, ನಾನೇ ಮಾತಾಡ್ತೇನೆ." ವಾಶಿಯೇ ವಾಸಿ ಎಂದು ನಕ್ಕು ಎದ್ದು ಬರಬಹುದಿತ್ತು. ಬಾಯಿ ಮಾತ್ರ ಬೇರೆಯೇ ಹೇಳಿತು: "ಮಾಸ್ತರಿಲ್ಲದೆಯೂ ನಡೆಯುತ್ತದೆ ನಮ್ಮ ಶಾಲೆ. ಶುಕ್ರವಾರ ಬಂದು ನೋಡಿ. ನಾನು ಇಡೀ ದಿನ ವಾಶಿಯಲ್ಲಿರುತ್ತೇನೆ."

ಆ ಶುಕ್ರವಾರ ಬೆಳಿಗ್ಗೆ ಬೀಗದ ಕೈಯನ್ನು ರೇಣುಕಾಳಿಗೆ ಕೊಟ್ಟು, ಕೊಡೆ ಬಿಚ್ಚಿ, ತಿರುಗಿ ನೋಡದೆ ವಾಪಸು ಬಸ್ಸು ಹತ್ತಿದೆ. ಎಂಥ ವೈರಾಗ್ಯ! ಮತ್ತು ಶಾಲೆ ಹೇಗೆ ನಡೆಯಿತು ಅನ್ನುತ್ತೀರಿ! ಕಸ ಗುಡಿಸಿದರು, ಪ್ರಾರ್ಥನೆ ಹೇಳಿದರು. ಏಳನೆಯ ಇಯತ್ತೆಯವರು ಚಿಕ್ಕವರನ್ನು ಹಂಚಿಕೊಂಡು ಮಗ್ಗಿ ಹೇಳಿಸಿದರು. ನೀವು ಮಾಡಿದ ಪದ್ಧತಿಯಂತೆ ತಡವಾಗಿ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, "ದಾರಿಯಾಗ ಏನ್ ನೋಡಿದಿ, ಹೇಳಿ ಒಳಗ ಬಾ" ಎಂದು ಕೇಳಿದರು. ಸ್ವತಃ ಶೆಟ್ಟರೇ ತಡವಾಗಿ ಬಂದರು, ಅವರನ್ನೂ ಬಿಡಲಿಲ್ಲ! ಸೆಕ್ರೆಟರಿಯವರು ಚಪ್ಪಲಿ ಬಿಟ್ಟು ಹೊಸ್ತಿಲಲ್ಲಿ ನಿಂತು, "ಒಂದು ಲಾರಿ ಪಂಚರ್ ಆಗಿತ್ತು ಮಗಾ" ಎಂದು ಒಪ್ಪಿಸಿ ಒಳಗೆ ಹೋದರು. ಭಾಗಾಕಾರದಲ್ಲಿ ಒಬ್ಬ ಹುಡುಗ ತಪ್ಪಿದಾಗ ರೇಣುಕಾ ಥೇಟ್ ನಿಮ್ಮ ಹಾಗೆ ಸೊಂಟದ ಮೇಲೆ ಕೈಯಿಟ್ಟು... ಒಂದು ಕ್ಷಣ ನನಗೆ... ಅಂದರೆ, ಅವರಿವರು ಹೇಳಿ ಕೇಳಿದ್ದು. ಅಧಿಕೃತವಾಗಿ ಆಗ ನಾನು ವಾಶಿಯಲ್ಲಿದ್ದೆ.

ನಡು ಮಧ್ಯಾಹ್ನ ಶೆಟ್ಟರು ಫೋನು ಮಾಡಿದರು. "ಭಟ್ರೆ, ವಾಶಿಯಲ್ಲಿ ಬಿಸಿಲು ಹೇಗುಂಟು?"

"ಜೋರುಂಟು ಶೆಟ್ರೆ," ಎಂದೆ, ಮೆಲ್ಲಗೆ.

"ಕೊಡೆ ಉಂಟಲ್ಲ?"

"ಉಂಟು."

"ಹಾಗಾದ್ರೆ ಸರಿಯಾಗಿ ಹಿಡ್ಕೊಳ್ಳಿ ಮಾರಾಯ್ರೆ. ಶಾಲೆ ಚೆಂದ ನಡೀತಾ ಉಂಟು. ಮುಚ್ಚುವ ಮಾತು ಇನ್ನಿಲ್ಲ, ಸಂಘಕ್ಕೆ ನಾನು ಹೇಳ್ತೇನೆ."

ಎಂಥ ಕಾಳಜಿಯ ಮನುಷ್ಯ ಎಂದುಕೊಂಡೆ. ನೀವು ಕೇಳದೇ ಹೋದ ಸುದ್ದಿ ಇದೇ ಅಕ್ಕೋರೆ: ಶಾಲೆ ಉಳಿಯಿತು. ಜೂನಿನಲ್ಲಿ ಬಾಗಿಲು ತೆರೆಯುತ್ತದೆ. ರೇಣುಕಾ ಕಲ್ಯಾಣದ ಹೈಸ್ಕೂಲಿಗೆ ಹೋಗುತ್ತಾಳೆ, ನಾನು ಬಂದಿಳಿಯುವ ಅದೇ ಬಸ್ಸಿನಲ್ಲಿ, ಈ ಕಡೆಯಿಂದ. ನೀವು ಮೆಚ್ಚಬೇಕು ನನ್ನನ್ನು. ಒಂದು ಇಡೀ ದಿನ ಶಾಲೆಯನ್ನು ಬಿಟ್ಟಿರಬಲ್ಲೆ ಎಂದು ತೋರಿಸಿದೆನಲ್ಲ?

ಇಲ್ಲಿಗೇ ಸಹಿ ಹಾಕಿಬಿಡೋಣ ಎಂದಿದ್ದೆ. ಆದರೆ ನಿಮ್ಮ ಖಾಲಿ ಕುರ್ಚಿ ಎದುರಿಗಿದೆ, ಮೇಲಾಗಿ ಚಟ್ನಿಯ ಡಬ್ಬಿ.

ಶೆಟ್ಟರು ಹೋದ ಮೇಲೆ, ಶಾಲೆ ಬಿಡುವುದಕ್ಕೆ ಸ್ವಲ್ಪ ಮುಂಚೆ, ವಾಶಿಯಿಂದ ಈಗ ತಾನೇ ಬಂದವನ ಹಾಗೆ ಏದುಸಿರು ಬಿಡುತ್ತ ಹೊಸ್ತಿಲಿಗೆ ಬಂದೆ. ರೇಣುಕಾ ಕೈ ಅಡ್ಡ ಹಿಡಿದಳು. "ದಾರಿಯಾಗ ಏನ್ ನೋಡಿದ್ರಿ ಸರ?"

"ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿಯ ಗುಡ್ಡ ನೋಡಿದೆ. ನೋಡಿಯೇ ಕಣ್ಣಲ್ಲಿ ನೀರು ಬಂತು."

"ಸುಳ್ಳ ಹೇಳಬ್ಯಾಡ್ರಿ ಸರ. ಮುಂಜಾನಿಂದ ನೀರಿನ ಟಾಕಿ ಹಿಂದ ನಿಂತೀರಿ. ಟಾಕಿ ಮ್ಯಾಲ ನಿಮ್ಮ ಛತ್ರಿ ಕಾಣಾಕತ್ತಿತ್ತು. ಶೆಟ್ಟರಿಗೂ ತೋರಿಸಿದ್ವಿ. ಅವ್ರು 'ಕರೀಬೇಡಿ ಮಕ್ಕಳೇ, ಅವರು ವಾಶಿಯಲ್ಲಿದ್ದಾರೆ' ಅಂದು ಹೊಟ್ಟಿ ಹಿಡಕೊಂಡು ನಕ್ಕರು."

ಇಡೀ ಶಾಲೆ ನಕ್ಕಿತು. ಮಾನ ಉಳಿಸಿಕೊಳ್ಳಲು ನಾನು ಡಸ್ಟರು ಎತ್ತಿ, "ಏನೇ ಆಗಲಿ, ಮೂರನೆಯದನ್ನು ಒರೆಸೋಣ" ಎಂದೆ. ಅವಳು ಡಸ್ಟರು ಕಸಿದುಕೊಂಡಳು. "ಅದು ಎಲ್ಲಿ ಆತ್ರಿ? ನೀವು ಹೋಗೇ ಇಲ್ಲಲ್ಲ!"

ಹೋಗಬೇಕೆಂದೇ ಹೊರಟಿದ್ದೆ ಅಕ್ಕೋರೆ, ನಂಬಿ. ಬಸ್ಸು ಹತ್ತಿದೆ. ಪಕ್ಕದ ಸೀಟಿಗೆ ಕರ್ಚೀಫು ಹಾಕಿದೆ. ಕಂಡಕ್ಟರು ಬಂದು "ಕುಠೇ ಮಾಸ್ತರ್?" ಎಂದು ಕೇಳಿದ, ಎಲ್ಲಿಗೆ ಅಂತ. ವಾಶಿ ಎನ್ನಬೇಕಿತ್ತು. ಅಲ್ಲಿ ನನಗೆ ಯಾರಿದ್ದಾರೆ? ಕಲ್ಯಾಣ ಎನ್ನಬೇಕಿತ್ತು. ಅಲ್ಲಿ ಹಗಲು ಹೊತ್ತು ಆ ಕೋಣೆಯಲ್ಲಿ ನಾನು ಏನು ಮಾಡಲಿ? ಇಷ್ಟು ಮಾತು ಬಲ್ಲವನಿಗೆ ಒಂದು ಊರಿನ ಹೆಸರು ಹೇಳಲಾಗಲಿಲ್ಲ. ಮುಂದಿನ ಸ್ಟಾಪಿಗೇ ಇಳಿದು, ಬಿಸಿಲಲ್ಲಿ ನಡೆದು ಬಂದು, ಟಾಕಿಯ ಹಿಂದೆ ನಿಂತೆ. ಅಲ್ಲಿಂದ ಮಗ್ಗಿ ಕೇಳಿಸುತ್ತಿತ್ತು.

ರೇಣುಕಾ ಕೊನೆಗೆ ಒಳಗೆ ಬಿಟ್ಟಳು. ಒಂದನೆಯ ಇಯತ್ತೆಯವರ ಪಕ್ಕ, ಗೋಡೆಗೆ ಒರಗಿಸಿ ಕೂರಿಸಿದಳು. ಅಲ್ಲಿಂದ ಹಲಗೆಯ ನೆತ್ತಿ ಚೆನ್ನಾಗಿ ಕಾಣುತ್ತದೆ, ನಿಮ್ಮ ಅಕ್ಷರ ಇನ್ನೂ ಹಾಗೆಯೇ ಇದೆ. ಮುಂದಿನ ವರ್ಷ ಇನ್ನೊಮ್ಮೆ ಪ್ರಯತ್ನಿಸುತ್ತೇನೆ, ಅಕ್ಕೋರೆ. ಮಾತು ಕೊಡುತ್ತೇನೆ, ಕೊಡೆ ತರುವುದಿಲ್ಲ.